'ನೆಟ್ಟಗೆ ಕೂತ್ಕೋ' ಅಂದ್ರೆ ಸಾಕಾ?

ಪ್ರಾಜೆಕ್ಟ್ ಎಕ್ಸ್‌ಪೋ ಅಂದ್ರೆ ಒಂದಾದ್ರೂ 'ಸ್ಮಾರ್ಟ್ ಬೆಲ್ಟ್' ಇರತ್ತೆ. ಬಗ್ಗಿ ಕೂತ್ರೆ ಬೆನ್ನ ಮೇಲೆ ಗುರ್ ಅನ್ನತ್ತೆ. ಒಂದು ಆರ್ಡುಯಿನೋ, ಒಂದು ಸೆನ್ಸರ್, ಒಂದು ಮೋಟರ್, ಮುಗೀತು. ಅದೇನೋ ಸರಿ. ಆದ್ರೆ ಪೋಸ್ಟರ್‌ನಲ್ಲಿ 'ಸ್ಕೋಲಿಯೋಸಿಸ್‌ಗೂ ಪರಿಹಾರ' ಅಂತ ಬರೆದಾಗ ನಮ್ಮ ತಕರಾರಿದೆ.

ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗತ್ತೆ, ಜೊತೆಗೆ ತಿರುಚಿಕೊಳ್ಳತ್ತೆ. ಎಕ್ಸ್-ರೇಯಲ್ಲಿ ಕಾಬ್ ಕೋನ 10 ಡಿಗ್ರಿ ಮುಟ್ಟಿದ್ರೆ ಆ ಹೆಸರು. ಹದಿಹರೆಯದ ಬಹುಪಾಲು ಮಕ್ಕಳಲ್ಲಿ ಇದಕ್ಕೆ ಕಾರಣವೇ ಗೊತ್ತಿಲ್ಲ. ಸ್ಕೂಲ್ ಬ್ಯಾಗೂ ಅಲ್ಲ, ಸೋಮಾರಿತನವೂ ಅಲ್ಲ. ಬಾಗು ಜಾಸ್ತಿಯಾಗೋದು ಹುಡುಗಿಯರಲ್ಲೇ ಹೆಚ್ಚು. ಅವರಿಗೆ ಮನೆಯಲ್ಲಿ ದಿನಾ ಒಂದೇ ಮಾತು: "ನೆಟ್ಟಗೆ ಕೂತ್ಕೊಳ್ಳೇ!" ನಮ್ಮ ಬೆಲ್ಟೂ ಅದನ್ನೇ ಹೇಳತ್ತೆ, ಬ್ಯಾಟರಿ ಹಾಕ್ಕೊಂಡು.

ಇದಕ್ಕೆಂದೇ ಇರೋ ವ್ಯಾಯಾಮವೇ ಬೇರೆ. ಜರ್ಮನಿಯ ಕಟಾರಿನಾ ಶ್ರೋತ್ ಸ್ವತಃ ಸ್ಕೋಲಿಯೋಸಿಸ್ ಇದ್ದವರು, ಹದಿಹರೆಯದಲ್ಲಿ ಉಕ್ಕಿನ ಬ್ರೇಸ್ ತೊಟ್ಟವರು. 1921ರಲ್ಲಿ ಮೈಸೆನ್ ಊರಲ್ಲಿ ಅವರು ಶುರು ಮಾಡಿದ ಪದ್ಧತಿ ಇವತ್ತಿಗೂ ಬಳಕೆಯಲ್ಲಿದೆ. ಫಿಸಿಯೋಥೆರಪಿಸ್ಟ್ ಮೊದಲು ಬಾಗು ಯಾವ ಕಡೆಗಿದೆ ಅಂತ ನೋಡ್ತಾರೆ. ಆಮೇಲೆ ಕನ್ನಡಿ ಮುಂದೆ ಬೆನ್ನನ್ನು ಮೇಲಕ್ಕೆ ಉದ್ದ ಮಾಡೋದು, ತಿರುಚಿದ್ದಕ್ಕೆ ಎದುರು ದಿಕ್ಕಿಗೆ ತಿರುಗೋದು, ಕುಗ್ಗಿರೋ ಕಡೆಯ ಪಕ್ಕೆಗೆ ಉಸಿರು ತುಂಬೋದು. ತಗ್ಗು ಬಿದ್ದ ಚೆಂಡಿಗೆ ಗಾಳಿ ಹೊಡೆದ ಹಾಗೆ. ಉಸಿರು ಬಿಡುವಾಗ ಆ ಭಂಗಿ ತಪ್ಪದಂತೆ ಸ್ನಾಯು ಬಿಗಿಹಿಡೀಬೇಕು.

ಇದರಿಂದ ಮೂಳೆ ಪೂರ್ತಿ ನೇರ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಬೆಳವಣಿಗೆ ಮುಗಿಯೋವರೆಗೆ ಬಾಗು ಹೆಚ್ಚದಂತೆ ತಡೆಯೋದೇ ಮುಖ್ಯ ಗುರಿ. 25 ಡಿಗ್ರಿ ದಾಟಿ ಇನ್ನೂ ಬೆಳೀತಿರೋ ಮಕ್ಕಳಿಗೆ ಸಾಮಾನ್ಯವಾಗಿ ಬ್ರೇಸ್ ಹೇಳ್ತಾರೆ. ವ್ಯಾಯಾಮ ಇದೆಯಲ್ಲ ಅಂತ ಅದನ್ನ ಬಿಡೋ ಹಾಗಿಲ್ಲ.

ಕಷ್ಟ ಇರೋದು ದಿನಾ ಮಾಡೋದ್ರಲ್ಲಿ. ಟ್ಯೂಷನ್, ಎಸ್ಸೆಸ್ಸೆಲ್ಸಿ, ಸಿಇಟಿ ನಡುವೆ, ವರ್ಷಗಟ್ಟಲೆ, ರೂಮಲ್ಲಿ ಒಬ್ಬಳೇ. ಸರಿಯಾಗಿ ಮಾಡಿದೆನೋ ಇಲ್ಲವೋ ಅಂತ ಹೇಳೋರೂ ಇಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾದ ಅಧ್ಯಯನವೊಂದರಲ್ಲಿ ಬ್ರೇಸ್ ಒಳಗೆ ಉಷ್ಣತೆ ಅಳೆಯೋ ಸೆನ್ಸರ್ ಇಟ್ಟು, ದಿನಕ್ಕೆ ಎಷ್ಟು ಗಂಟೆ ತೊಟ್ಟರು ಅಂತ ಲೆಕ್ಕ ಹಾಕಿದ್ರು. ಹೆಚ್ಚು ಗಂಟೆ ತೊಟ್ಟವರಿಗೆ ಹೆಚ್ಚು ಲಾಭ. ಎಷ್ಟು ಸಾದಾ ಸೆನ್ಸರ್ ನೋಡಿ! ವ್ಯಾಯಾಮಕ್ಕೂ ನಾವು ಅಂಥದ್ದನ್ನ ಮಾಡಬಹುದು: ಎರಡೂ ಪಕ್ಕೆಗೆ ಒಂದೊಂದು ಸ್ಟ್ರೆಚ್ ಸೆನ್ಸರ್, ಉಸಿರು ಬೇಕಾದ ಕಡೆಗೆ ಹೋಯ್ತಾ ಅಂತ ಆ ಹುಡುಗಿಗೆ ತೋರಿಸೋ ಒಂದು ಪುಟ್ಟ ಸ್ಕ್ರೀನ್. ಆದ್ರೆ ಕೋಡ್ ಬರೆಯೋ ಮುಂಚೆ ಫಿಸಿಯೋಥೆರಪಿಸ್ಟ್ ಹತ್ರ ಕೂತು ಕೇಳಬೇಕು. ಬಾಗು ಬಲಕ್ಕಿದ್ದವರಿಗೂ ಎಡಕ್ಕಿದ್ದವರಿಗೂ ಒಂದೇ ಸೆಟ್ಟಿಂಗ್ ನಡೆಯಲ್ಲ.