ಗಂಟೆ ಬಾರಿಸಬೇಕಾದದ್ದು ಏಳನೇ ತರಗತಿಯಲ್ಲಿ

ಗಣಿತದಲ್ಲಿ ಹಿಂದುಳಿದ ಮಕ್ಕಳ ಚಿಂತೆ ನಮಗೆ ಹತ್ತುವುದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ. ಅಷ್ಟು ಹೊತ್ತಿಗೆ ಮೊದಲ ನಷ್ಟ ಆಗಿಹೋಗಿರುತ್ತದೆ.

ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನವನ್ನೇ ನೋಡಿ. ವರ್ಷಕ್ಕೆ 12,000 ರೂಪಾಯಿ, ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗೆ. ನಾಲ್ಕು ವರ್ಷಕ್ಕೆ 48,000. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟದ ಮಕ್ಕಳಿಗೆಂದೇ ಇರುವ ಹಣ ಇದು. ಪರೀಕ್ಷೆ ನಡೆಯುವುದು ಎಂಟನೇ ತರಗತಿಯಲ್ಲಿ. ತಲಾ 90 ಅಂಕದ ಎರಡು ಪತ್ರಿಕೆ. ಒಂದರಲ್ಲಿ ವಿಜ್ಞಾನ, ಸಮಾಜದ ಜೊತೆ ಗಣಿತ. ಇನ್ನೊಂದು ಬೌದ್ಧಿಕ ಸಾಮರ್ಥ್ಯದ್ದು, ಅಲ್ಲೂ ಸಂಖ್ಯಾ ಸರಣಿಗಳು ಕಾದಿರುತ್ತವೆ. ಎಸ್ಸೆಸ್ಸೆಲ್ಸಿಗಾದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಇಲ್ಲಿ ಆ ವರ್ಷ ತಪ್ಪಿದರೆ ತಪ್ಪಿತು. ಭಿನ್ನರಾಶಿಯಲ್ಲಿ ತಡವರಿಸುತ್ತಲೇ ಪಾಸಾಗಿ ಬಂದ ಹುಡುಗಿಗೆ ಅರ್ಜಿ ಕೊಡುವವರೂ ಕಡಿಮೆ. ‘ಅವಳಿಗೆ ಲೆಕ್ಕ ತಲೆಗೆ ಹತ್ತಲ್ಲ’ ಎಂದು ಶಾಲೆಯೇ ತೀರ್ಪು ಕೊಟ್ಟಿರುತ್ತದಲ್ಲ!

ಹತ್ತನೇ ತರಗತಿಯ ಅಂಕಪಟ್ಟಿಯೂ ಪೂರ್ತಿ ನಿಜ ಹೇಳುವುದಿಲ್ಲ. ಗಣಿತದ ನೂರರಲ್ಲಿ 20 ಆಂತರಿಕ ಅಂಕ. ಅದನ್ನು ಕೈ ಬಿಗಿಹಿಡಿದು ಕೊಡುವ ಶಾಲೆ ಅಪರೂಪ. ಉಳಿದದ್ದಕ್ಕೆ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ‘ಪಾಸಿಂಗ್ ಪ್ಯಾಕೇಜ್’. ಹಾಗೆ ದಾಟಿ ಬಂದವರು ವಿಜ್ಞಾನ ವಿಭಾಗ ಸೇರಿದರೆ, ಭೌತಶಾಸ್ತ್ರ, ರಸಾಯನಶಾಸ್ತ್ರದಷ್ಟೇ ಸಿಇಟಿಯಲ್ಲಿ ಗಣಿತಕ್ಕೂ 60 ಪ್ರಶ್ನೆ. ಎಂಜಿನಿಯರಿಂಗ್ ರ‍್ಯಾಂಕಿನ ಅರ್ಧ ತೂಕ ಪಿಯು ಅಂಕದ್ದು, ಅರ್ಧ ಸಿಇಟಿಯದ್ದು. ಅಲ್ಲಿ ಪ್ಯಾಕೇಜು ನಡೆಯದು.

ಇದರ ಇನ್ನೊಂದು ಮುಖ ಹೆಚ್ಚು ಬೇಸರದ್ದು. ಗಣಿತ ಅಡ್ಡ ಬಾರದ ಕಡೆಯೂ ಮಕ್ಕಳು ಹಿಂದೆ ಸರಿಯುತ್ತಾರೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಮುಖ್ಯವಾಗಿ ನೋಡುವುದು ಜಾತಿ, ಆದಾಯ ಪ್ರಮಾಣಪತ್ರಗಳನ್ನು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯನ್ನು. ಪಿಯುನಲ್ಲಿ ಗಣಿತ ಓದದೆಯೂ ಬಿಎ ಇದೆ, ಐದು ವರ್ಷದ ಕಾನೂನು ಪದವಿ ಇದೆ. ‘ನನಗ್ಯಾರು ಸ್ಕಾಲರ್‌ಶಿಪ್ ಕೊಡ್ತಾರೆ’ ಎಂದುಕೊಂಡ ಹುಡುಗನಿಗೆ ಇದನ್ನೆಲ್ಲ ಹೇಳುವವರೇ ಇಲ್ಲ.

ಹಾಗಾಗಿ ಕೆಲಸ ಮೊದಲೇ ಶುರುವಾಗಬೇಕು. ದಸರಾ ರಜೆ ಮುಗಿದ ವಾರವೇ ಆರು, ಏಳನೇ ತರಗತಿಯ ಗಣಿತದ ಮೊದಲ ಸಂಕಲನಾತ್ಮಕ ಪರೀಕ್ಷೆಯ (ಎಸ್‌ಎ-1) ಉತ್ತರಪತ್ರಿಕೆಗಳು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಬರಲಿ. ಎಷ್ಟು ಅಂಕ ಎನ್ನುವುದನ್ನು ಬದಿಗಿಟ್ಟು, ಯಾವ ಮಗು ಭಾಗಾಕಾರದಲ್ಲಿ ನಿಂತಿದೆ, ಯಾವುದು ಭಿನ್ನರಾಶಿಯಲ್ಲಿ ಎಂದು ಹೆಸರು ಹಿಡಿದು ಬರೆದಿಡಲಿ. ಆ ಮಕ್ಕಳಿಗೆ ಸಂಜೆ ಪಾಠ ಅಂದಿನಿಂದಲೇ ಶುರುವಾದರೆ ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಗೆ ಇನ್ನೂ ಸಮಯ ಉಳಿದಿರುತ್ತದೆ.