ಲೇಸರ್ ಆದಮೇಲೂ ಉದ್ದದ ಕಣ್ಣು

ಹಾಸನದ ಬಸ್ ನಿಲ್ದಾಣದಲ್ಲಿ ಮೈನಸ್ ನಂಬರಿದ್ದೂ ಕನ್ನಡಕ ಹಾಕದವರನ್ನು ಗುರುತಿಸುವುದು ಸುಲಭ. ಬಸ್ಸು ಒಳಗೆ ತಿರುಗುತ್ತಿದ್ದಂತೆ ಕಣ್ಣು ಕಿರಿದು ಮಾಡಿ ಬೋರ್ಡಿನತ್ತ ಕತ್ತು ಚಾಚುತ್ತಾರೆ. ಅರಕಲಗೂಡು ಆರಕ್ಷರ, ಹೇಗೋ ಊಹಿಸಬಹುದು. ಹೊಳೆನರಸೀಪುರ, ಚನ್ನರಾಯಪಟ್ಟಣ ಎರಡೂ ಏಳಕ್ಷರ. ಮಸುಕಿನಲ್ಲಿ ಅವಳಿ ಜವಳಿ. ಹತ್ತಿರ ಹೋಗಿ ಓದುವಷ್ಟರಲ್ಲಿ ಕಿಟಕಿ ಸೀಟಿಗೆ ಟವೆಲ್ ಬಿದ್ದಿರುತ್ತದೆ.

ಒಂದನ್ನು ನಂಬರಿನಿಂದ ಭಾಗಿಸಿ: ಬರಿಗಣ್ಣಿಗೆ ಎಷ್ಟು ಮೀಟರ್‌ವರೆಗೆ ಸ್ಪಷ್ಟ ಎಂಬುದು ಸಿಗುತ್ತದೆ. ಮೈನಸ್ ಎರಡಕ್ಕೆ ಅರ್ಧ ಮೀಟರ್, ನಾಲ್ಕಕ್ಕೆ 25 ಸೆಂ.ಮೀ. ದೂರದ ಮಸುಕಿಗೆ ಕಾರಣ, ಬಹುಪಾಲು ಕಣ್ಣುಗುಡ್ಡೆಯ ಉದ್ದ. ಸುಮಾರು 24 ಮಿ.ಮೀ. ಇರಬೇಕಾದದ್ದು ಒಂದು ಮಿ.ಮೀ. ಹೆಚ್ಚು ಬೆಳೆದರೂ ಎರಡೂವರೆ, ಮೂರು ನಂಬರು ಬಂತು.

ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರ ಕಾಲದಿಂದಲೂ ಕಣ್ಣಿನ ಶಿಬಿರ ಅಂದರೆ ನಮಗೆ ಪೊರೆ ತೆಗೆಸುವುದು, ಅಜ್ಜ ಅಜ್ಜಿಯರ ಸಮಾಚಾರ. ಕರಿಹಲಗೆ ಕಾಣದೆ ಪಕ್ಕದವನ ನೋಟ್‌ಬುಕ್ ನೋಡಿ ಬರೆಯುವ ಹುಡುಗಿಗೆ ಮಾತ್ರ ‘ಈಗಲೇ ಕನ್ನಡಕ ಹಾಕಿದ್ರೆ ನಂಬರು ಏರುತ್ತೆ’ ಎಂಬ ಉಪದೇಶ. ಮಲೇಷ್ಯಾದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಕಾದ್ದಕ್ಕಿಂತ ಕಡಿಮೆ ನಂಬರು ಕೊಟ್ಟವರಿಗೇ ಹೆಚ್ಚು ಏರಿತ್ತು. ಏರಿಕೆ ನಿಧಾನಿಸಲು ಬೇರೆ ದಾರಿಗಳಿವೆ: ವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಲೆನ್ಸು, ಮೈನಸ್ ನಂಬರು ಬರುವುದನ್ನೇ ತಡೆಯಲು ಬಿಸಿಲಿನಲ್ಲಿ ಆಟ. ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕಳಿಸುತ್ತಿದೆ. ನಮ್ಮ ಟ್ಯೂಷನ್ ತಾಯಂದಿರು ಇದನ್ನು ಒಪ್ಪುವುದು ಕಷ್ಟ.

ಕಾಂಟ್ಯಾಕ್ಟ್ ಲೆನ್ಸ್ ಚೆಂದವೇ. ಆದರೆ ನಲ್ಲಿ ನೀರಿನಲ್ಲಿ ತೊಳೆಯುವಂತಿಲ್ಲ, ಹಾಕಿಕೊಂಡು ಹೇಮಾವತಿಯಲ್ಲಿ ಮುಳುಗುವಂತಿಲ್ಲ. ನೀರಿನ ಅಮೀಬಾ ಕಣ್ಣಿನ ಮುಂಪಟಲವಾದ ಕಾರ್ನಿಯಾವನ್ನು ತಿಂದುಹಾಕೀತು.

ಇನ್ನು ಲೇಸರ್. ಹುಡುಗಿಗೆ ಗಂಡು ನೋಡುವ ಮುಂಚೆ ಮಾಡಿಸಿಬಿಡೋಣ ಎಂಬ ಅವಸರ ಈ ಕಡೆ ಹೊಸದಲ್ಲ. ಹದಿನೆಂಟು ತುಂಬಿರಬೇಕು, ವರ್ಷದಿಂದ ನಂಬರು ಕದಲದಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು. ತೆಳ್ಳಗಿದ್ದರೆ ಕಣ್ಣೊಳಗೇ ಕೂರಿಸುವ ಲೆನ್ಸ್ ಉಂಟು, ದುಬಾರಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಆಗಬೇಕೆಂದಿರುವ ಹುಡುಗರು ಲೇಸರ್ ಕಡೆ ತಲೆಯನ್ನೇ ಹಾಕಬಾರದು, ನೇಮಕಾತಿಗೆ ಅನರ್ಹರಾಗುತ್ತಾರೆ.

ಯಾರೂ ಬಿಡಿಸಿ ಹೇಳದ ಮಾತು ಬೇರೆಯೇ ಇದೆ. ಲೇಸರ್ ಕೆತ್ತುವುದು ಮುಂದಿನ ಕಾರ್ನಿಯಾವನ್ನು. ಗುಡ್ಡೆಯ ಉದ್ದ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗುವುದಿಲ್ಲ. ಹಿಂದೆ ಎಳೆದು ತೆಳುವಾದ ರೆಟಿನಾ ಹಾಗೇ ಇರುತ್ತದೆ, ಅದು ಹರಿಯುವ ಅಪಾಯವೂ. ಕನ್ನಡಕ ಹೋಯಿತೆಂದು ಆಸ್ಪತ್ರೆಯ ದಾರಿಯನ್ನೇ ಮರೆತವರು, ಕಣ್ಣಲ್ಲಿ ಮಿಂಚು ಹೊಡೆದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ತೇಲಿದರೆ, ಪಕ್ಕದಿಂದ ಪರದೆ ಎಳೆದಂತಾದರೆ ಅದೇ ದಿನ ಓಡಬೇಕು. ಆರು ನಂಬರು ದಾಟಿದ್ದವರು, ಲೇಸರ್ ಆಗಿರಲಿ ಬಿಡಲಿ, ವರ್ಷಕ್ಕೊಮ್ಮೆ ಪಾಪೆ ಅಗಲಿಸುವ ಹನಿ ಹಾಕಿಸಿ ರೆಟಿನಾ ತೋರಿಸುವುದು ಲೇಸು. ಹನಿ ಹಾಕಿಸಿಕೊಂಡ ದಿನ ಬೈಕ್ ಬೇಡ. ಬಿಸಿಲಿಗೆ ಕಣ್ಣು ಕೋರೈಸುತ್ತದೆ, ಕೆಲವು ಗಂಟೆ ಹತ್ತಿರದ ಅಕ್ಷರವೂ ಸರಿಯಾಗಿ ಕೂಡುವುದಿಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.