ಮಗ್ಗದ ಸದ್ದಿನಲ್ಲಿ ಹೆಡ್‌ಫೋನ್ ಪರೀಕ್ಷೆ

ತಂತಿಯಿಲ್ಲದ ಹೆಡ್‌ಫೋನಿನ ಡಬ್ಬಿಯ ಮೇಲೆ ‘20ರಿಂದ 20,000 ಹರ್ಟ್ಸ್’ ಎಂದು ಅಚ್ಚಾಗಿರುತ್ತದೆ. ಜಮಖಂಡಿ ಪೇಟೆಯಲ್ಲಿ ಸಿಗುವ ಅಗ್ಗದ ಮಾಲಿನ ಮೇಲೂ ಇದೇ ಅಂಕಿ, ದುಬಾರಿ ಮಾಲಿನ ಮೇಲೂ ಇದೇ ಅಂಕಿ. ನಿಜ ಹೇಳಬೇಕೆಂದರೆ ಇದು ಮನುಷ್ಯನ ಕಿವಿಯ ಮಿತಿ, ಹೆಡ್‌ಫೋನಿನ ಗುಣವಲ್ಲ. ಅದೂ ಎಳೆಯ ಕಿವಿಯ ಮಿತಿ. ಐವತ್ತು ದಾಟಿದ ಪಾಲಕರಿಗೆ 15,000 ಹರ್ಟ್ಸ್‌ನ ಆಚೆಗಿನ ಸದ್ದು ಕೇಳಿಸುವುದು ಅಪರೂಪ. ನಾಯಿಗಳಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಮುಧೋಳದ ಬೇಟೆನಾಯಿಗೆ ಓದಲು ಬಂದಿದ್ದರೆ ಈ ಡಬ್ಬಿ ನೋಡಿ ನಕ್ಕೀತು!

ಹಾಗಾದರೆ ಗುಣ ಅಳೆಯುವುದು ಹೇಗೆ? ಅಂಗಡಿಯಲ್ಲಿ ಹುಡುಗರು ಮೊದಲು ಹಚ್ಚುವುದು ‘ಧಬ್ ಧಬ್’ ಎನ್ನುವ ಹಾಡನ್ನು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಮೇಲೆ ಕೇಳಿ ಕೇಳಿ ಬೆಳೆದ ರುಚಿ ಅದು. ಕೆಳಸ್ವರ ಅತಿಯಾಗಿ ಉಬ್ಬಿದರೆ ಮಾತು ಅದರಡಿ ಹೂತುಹೋಗುತ್ತದೆ. ಆದ್ದರಿಂದ ಮೊದಲು ಪರಿಚಯದ ಒಂದು ದನಿಯನ್ನು ಕೇಳಬೇಕು. ಈ ಭಾಗದವರು ‘ಶಾಲೆ’ಗೆ ‘ಸಾಲಿ’ ಎನ್ನುತ್ತಾರೆ, ಇರಲಿ. ಹೆಡ್‌ಫೋನು ಮಾತ್ರ ಸಕಾರ, ಶಕಾರಗಳನ್ನು ಬೇರೆ ಬೇರೆಯಾಗಿಯೇ ಕೇಳಿಸಬೇಕು, ಹಾವಿನಂತೆ ಬುಸುಗುಟ್ಟಬಾರದು. ಕರಡಿ ಮಜಲಿನ ಧ್ವನಿಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು. ತಾಳದ ಸದ್ದು ಕಂಚಿನದಾಗಿ ಕೇಳಬೇಕು, ತಗಡಿನದಾಗಿ ಅಲ್ಲ. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. ತುಸು ಜೋರಾಗಿ ನುಡಿಯುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಇದು ಅಂಗಡಿಯವರಿಗೂ ಗೊತ್ತು.

ಬ್ಲೂಟೂತ್‌ಗೆ ತನ್ನದೇ ಮಿತಿಯಿದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 16 ಬಿಟ್, ಎರಡು ಕಿವಿಗೆ ಎರಡು ಪಟ್ಟು. ಗುಣಿಸಿದರೆ 14,11,200 ಬಿಟ್. ಎಲ್ಲ ಹೆಡ್‌ಫೋನುಗಳಲ್ಲೂ ಇರುವ ಎಸ್‌ಬಿಸಿ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 3,28,000 ಬಿಟ್ ಸಾಗುತ್ತದೆ. ಕಿವಿ ಅಷ್ಟಾಗಿ ಗಮನಿಸದ ಭಾಗವನ್ನು ಬಿಟ್ಟು ಉಳಿದುದನ್ನು ಕಳಿಸುವ ಜಾಣತನವಿದು. ಪಾಠ ಕೇಳಲು ಧಾರಾಳವಾಗಿ ಸಾಕು. ಸದ್ದು ತಡವಾಗಿ ಬರುತ್ತದೆಯೇ ಎಂಬುದನ್ನು ಮಾತ್ರ ನೋಡಬೇಕು. ವಿಡಿಯೋದಲ್ಲಿ ಗುರುಗಳ ಸೀಮೆಸುಣ್ಣ ಹಲಗೆಗೆ ತಾಗುವುದಕ್ಕೂ ‘ಟಕ್’ ಎನ್ನುವುದಕ್ಕೂ ಅಂತರ ಕಂಡರೆ ಬೇರೆಯದನ್ನು ಕೇಳಿ.

ಹಿತವೋ ಅಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯದು. ಕನ್ನಡಕ ಹಾಕುವವರು ಕನ್ನಡಕದೊಡನೆಯೇ ಅರ್ಧ ತಾಸು ಧರಿಸಿ ನೋಡಬೇಕು. ಕಡ್ಡಿ ಒತ್ತಿ ಕಿವಿಯ ಮೇಲೆ ನೋವು ಬರುವುದು ಆಮೇಲೆ. ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಬೀಳಗಿಯ ಏಪ್ರಿಲ್ ಬಿಸಿಲಿಗೆ ಬೆವರಿನ ಗೂಡು. ಕಿವಿಯೊಳಗೆ ತೂರಿಸುವ ಇಯರ್‌ಬಡ್‌ಗೆ ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ತುದಿಗಳಿದ್ದರೆ ಮೂರನ್ನೂ ಹಾಕಿ ನೋಡಬೇಕು. ತುದಿ ಸರಿಯಾಗಿ ಕೂಡದಿದ್ದರೆ ಕೆಳಸ್ವರವೇ ಸೋರಿಹೋಗುತ್ತದೆ. ಪಾಪ, ಬೈಸಿಕೊಳ್ಳುವುದು ಹೆಡ್‌ಫೋನು.

ಇನ್ನು ರಬಕವಿ-ಬನಹಟ್ಟಿಯ ಮಾತು. ಇಲ್ಲಿ ಎಷ್ಟೋ ಮನೆಗಳಲ್ಲಿ ಗೋಡೆಯ ಆಚೆ ವಿದ್ಯುತ್ ಮಗ್ಗ, ಈಚೆ ಓದುವ ಮಗು. ಲಾಳಿ ಹೊಡೆತದ ಮಗ್ಗಗಳು ಸಾಲಾಗಿ ಓಡುವ ಕೋಣೆಯಲ್ಲಿ ಸದ್ದು 90 ಡೆಸಿಬೆಲ್ ದಾಟುತ್ತದೆ. ಅದನ್ನು ಮೀರಿ ಪಾಠ ಕೇಳಬೇಕೆಂದು ಮಗು ಹೆಡ್‌ಫೋನಿನ ಸದ್ದು ಏರಿಸಿದರೆ ಕಿವಿಗೆ ಬೀಳುವುದು ಎರಡು ಹೊರೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾನದಂಡದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ವಾರಕ್ಕೆ 40 ತಾಸು; ಮಕ್ಕಳಿಗೆ 75 ಡೆಸಿಬೆಲ್ ಮಾತ್ರ. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗಬೇಕು. 75ಕ್ಕೆ 40 ತಾಸಾದರೆ 78ಕ್ಕೆ 20, 81ಕ್ಕೆ 10, 90ಕ್ಕೆ ಬಂದಾಗ ಒಂದೂಕಾಲು ತಾಸು. ಅದೂ ಇಡೀ ವಾರಕ್ಕೆ! ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಮಂಕಾಗುವುದು 4,000 ಹರ್ಟ್ಸ್ ಸುತ್ತಿನ ಕೇಳ್ಮೆ. ಸಕಾರ, ಶಕಾರಗಳನ್ನು ಗುರುತಿಸಲು ಬೇಕಾದ ಸ್ವರಗಳು ಬಹುಮಟ್ಟಿಗೆ ಅದರ ಆಸುಪಾಸಿನಲ್ಲೂ ಮೇಲೂ ಇವೆ.

ಸದ್ದಡಗಿಸುವ ಹೆಡ್‌ಫೋನುಗಳು ಹೊರಗಿನ ಅಲೆಗೆ ತದ್ವಿರುದ್ಧವಾದ ಅಲೆ ಹುಟ್ಟಿಸಿ ಅದನ್ನು ಕುಗ್ಗಿಸುತ್ತವೆ. ಬಸ್ಸಿನ ಎಂಜಿನ್ನಿನಂಥ ಎಡೆಬಿಡದ ಗುಂಯ್‌ಗುಡುವಿಕೆಗೆ ಇದು ಚೆನ್ನ. ಲಾಳಿಯ ‘ಖಟಕ್’ ಎನ್ನುವ ಹೊಡೆತಕ್ಕೆ ಅಷ್ಟಾಗಿ ನಿಲುಕದು. ಅಲ್ಲಿ ಕಿವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ತುದಿಯೇ ಮೇಲು.

ಮನೆಯಲ್ಲೇ ಒಂದು ಪರೀಕ್ಷೆ ಸಾಧ್ಯ. ಕರೆಂಟ್ ಹೋಗಿ ಮಗ್ಗಗಳು ನಿಂತಾಗ ಪಾಠ ಸ್ಪಷ್ಟವಾಗಿ ಕೇಳುವಷ್ಟು ಸದ್ದು ಇಟ್ಟು, ಎಷ್ಟನೇ ಗೆರೆಯೆಂದು ಬರೆದಿಡಬೇಕು. ಕರೆಂಟ್ ಬಂದು ಮಗ್ಗ ಶುರುವಾದ ಮೇಲೆ ಎಷ್ಟು ಗೆರೆ ಏರಿಸಬೇಕಾಯಿತು ನೋಡಬೇಕು. ಒಂದೆರಡೇ ಆದರೆ ಆ ಹೆಡ್‌ಫೋನನ್ನು ಇಟ್ಟುಕೊಳ್ಳಬಹುದು. ಐದಾರು ಏರಿಸಬೇಕಾದರೆ, ಬೆಲೆ ಎಷ್ಟೇ ಇರಲಿ, ಪುಸ್ತಕ ಹಿಡಿದು ಅಟ್ಟಕ್ಕೋ ಅಜ್ಜಿಯ ಮನೆಗೋ ಹೋಗುವುದು ಲೇಸು.